ವಾಚಿಗೊಂದು ಕೊಡೆ

ನಿನ್ನೆ ಮೂರು ಬೀದಿ ಗುಡಿಸಿದ ಹೆಂಗಸಿಗೆ ಗೈರುಹಾಜರಿ ಹಾಕಿದ್ದರು. ಗುತ್ತಿಗೆ ಕಂಪನಿ ಹಾಜರಿಗೆಂದು ಅವಳ ಕೈಗೆ ಕಟ್ಟಿದ್ದ ಸ್ಮಾರ್ಟ್‌ವಾಚು ಬಿಸಿಲಿಗೆ ಕಾದು, ಹನ್ನೊಂದು ಗಂಟೆಗೇ ಬ್ಯಾಟರಿ ಖಾಲಿಯಾಗಿ ಆರಿಹೋಗಿತ್ತು. ಇವತ್ತು ಬಸ್ಸಿಗೆ ಕಾಯುತ್ತಿದ್ದ ಮುದಿ ಟೈಲರ್, ಅವಳಿಗೂ ಕಂಪನಿಯ ಮೇಸ್ತ್ರಿಗೂ ನಡೆದ ಮಾತಿಗೆ ಕಿವಿಗೊಟ್ಟು ಕೂತಿದ್ದ.

“ಇನ್ನೊಂದು ಗೈರು ಬಿದ್ರೆ ಕೆಲಸ ಹೋಗುತ್ತೆ ಅಕ್ಕಾ.”

“ಗುಡಿಸಿದೀನಲ್ಲ ಮೇಸ್ತ್ರಿ, ಬೀದಿ ನೋಡು.”

“ಬೀದಿ ನೋಡಿ ಏನು ಮಾಡ್ಲಿ? ವಾಚು ಹೇಳ್ಬೇಕು. ನೀನು ಹೊರಾಂಗಣ ವ್ಯಾಯಾಮ ಅರ್ಧಕ್ಕೇ ಬಿಟ್ಟೆ ಅಂತಿದೆ.”

“ವ್ಯಾಯಾಮಾನಾ? ನಾನೇನು ಬೊಜ್ಜು ಕರಗಿಸೋಕೆ ಬರ್ತೀನಾ?”

“ಅದರಲ್ಲಿ ಗುಡಿಸೋದು ಅಂತ ಇಲ್ಲ. ನಡಿಗೆ, ಓಟ, ಸೈಕಲ್ ಅಷ್ಟೇ. ನಿನಗೆ ನಡಿಗೆ ಹಾಕಿದೀವಿ.”

“ಇಲ್ನೋಡು, ಅದು ಕಾದು ಮಣಿಕಟ್ಟೆಲ್ಲ ಬೊಬ್ಬೆ ಎದ್ದಿದೆ.”

“ಅಯ್ಯಯ್ಯೋ! ವಾಚಿಗೇನೂ ಆಗಿಲ್ಲ ತಾನೆ?”

ಮೇಸ್ತ್ರಿ ಚೀಲದಿಂದ ಮಕ್ಕಳ ಕೊಡೆಯೊಂದನ್ನು ತೆಗೆದ.

“ಆಫೀಸಿಂದ ಕಳಿಸಿದಾರೆ.”

“ನನ್ನ ತಲೆಗೆ ಇದು ಸಾಲುತ್ತಾ?”

“ತಲೆಗಲ್ಲ, ವಾಚಿಗೆ. ಎಡಗೈಲಿ ಕೊಡೆ ಹಿಡ್ಕೊಂಡು ಬಲಗೈಗೆ ನೆರಳು ಮಾಡು.”

“ಪೊರಕೆ ಯಾರು ಹಿಡೀತಾರೆ?”

“ಅದನ್ನ ಆಫೀಸಲ್ಲಿ ಹೇಳಿಲ್ಲ.”

ಅವಳು ವಾಚು ಬಿಚ್ಚಿ ಅವನ ಅಂಗೈಗೆ ಹಾಕಿದಳು. ಉದ್ದನೆಯ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಬೀದಿಗೆ ಹೊರಟಳು. ಮೇಸ್ತ್ರಿ ತನ್ನ ಬೋಳುತಲೆಯನ್ನು ಬಿಸಿಲಿಗೆ ಬಿಟ್ಟು, ವಾಚಿಗೆ ಕೊಡೆ ಹಿಡಿದುಕೊಂಡು ಅವಳ ಹಿಂದೆಯೇ ಓಡಿದ.

“ಕಟ್ಕೊಳೇ ತಾಯಿ, ಕೆಲಸ ಹೋಗುತ್ತೆ!”

“ಕಟ್ಟಲ್ಲ.”