ಅಡುಗೆಮನೆಯೊಳಗೆ ನಾಲ್ಕೂವರೆ ಅಡಿ ದೋಣಿ

ಹೆಸರು: ಗೋದಾವರಿ ಕೋಂ ದೇವಾನಂದ. ವಯಸ್ಸು: 54 ವರ್ಷ. ಉದ್ಯೋಗ: ಹೊಲಿಗೆ ಕೆಲಸ. ವಾಸ: ಚಿತ್ತಾಕುಲ, ತಾಲೂಕು ಕಾರವಾರ.

ಠಾಣೆಯವರು ಮನೆಗೇ ಬಂದು ಕೇಳಿದ್ದಕ್ಕೆ ನಾನು ಬರೆಸುವುದೇನೆಂದರೆ, ನಾನು ಯಾರ ದೋಣಿಯನ್ನೂ ಹಿಡಿದಿಟ್ಟುಕೊಂಡಿಲ್ಲ. ದೋಣಿಯೇ ನಮ್ಮ ಮನೆಯನ್ನು ಹಿಡಿದಿಟ್ಟುಕೊಂಡಿದೆ.

ಬೇಲೆಕೇರಿಯ ಮಾಬ್ಲೇಶ್ವರ, 52 ವರ್ಷ, ಮೀನುಗಾರಿಕೆ, ಇವರು ನಿನ್ನೆ ಠಾಣೆಗೆ ದೂರು ಕೊಟ್ಟು, ಚಂಡಮಾರುತದಲ್ಲಿ ತೇಲಿಹೋದ ತಮ್ಮ ಪಾತಿ ದೋಣಿಯನ್ನು ನಾನು ಅಕ್ರಮವಾಗಿ ಇಟ್ಟುಕೊಂಡಿದ್ದೇನೆ, ಬಿಡಿಸಿಕೊಡಬೇಕು ಎಂದಿದ್ದಾರೆ. ದೂರಿನಲ್ಲಿ ನನ್ನನ್ನು ‘ಸದರಿ ಹೆಂಗಸು’ ಎಂದು ಮೂರು ಸಲ ಬರೆಯಲಾಗಿದೆ. ಸದರಿ ಹೆಂಗಸು ಅವರಿಗೆ ಅತ್ತಿಗೆಯಾಗಬೇಕು. ನನ್ನ ಅತ್ತೆ ಜಾನಕಿ, 81 ವರ್ಷ, ಮಾಬ್ಲೇಶ್ವರ ಅವರ ತಂದೆಯ ಸ್ವಂತ ಅಕ್ಕ. ಅಂದರೆ ಬೇಲೆಕೇರಿ ನನ್ನ ಅತ್ತೆಯ ತವರು. ಇಷ್ಟು ದೊಡ್ಡ ಸಂಗತಿ ದೂರಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಮೊದಲು ಇದನ್ನೇ ಬರೆದುಕೊಳ್ಳಿ ಎಂದು ಹೇಳಿ ಬರೆಸಿದ್ದೇನೆ.

ಕೆಳಗಿನ ಅಳತೆಗಳೆಲ್ಲ ನನ್ನ ಹೊಲಿಗೆ ಟೇಪಿನವು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಟೇಪಿನ ಮೇಲೆ ತಕರಾರು ಬಂದದ್ದು ಒಂದೇ ಸಲ. ಅದೂ ಆ ಹೆಂಗಸು ಅಳತೆ ಕೊಟ್ಟು ಹೋದ ಮೇಲೆ ದಪ್ಪಗಾಗಿದ್ದಳು.

ದಿನಾಂಕ 15.05.2021, ಶನಿವಾರ, ಸಂಜೆ 4-30ಕ್ಕೆ ನಾನು ಹಿತ್ತಲಲ್ಲಿ ಒಣಹಾಕಿದ್ದ ಹಪ್ಪಳ, ಮುರುಗಲು ಸಿಪ್ಪೆ ಮತ್ತು ಈ ವರ್ಷದ ಒಣ ಬಂಗಡೆಯನ್ನು ಅಡುಗೆಮನೆಗೆ ತಂದಿಟ್ಟೆ. ಶೆಟಗೇರಿಯ ಮದುವೆಯೊಂದರ ಹದಿನಾಲ್ಕು ರವಿಕೆಗಳ ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ಹಗ್ಗದ ಮೇಲೆ ಹರಡಿದ್ದೆ, ಅದನ್ನು ತೆಗೆಯಲು ಮರೆತೆ. ಇದು ನನ್ನದೇ ತಪ್ಪು. ಆ ಹೊತ್ತಿಗೆ ಅತ್ತೆ ಹಿಂದಿನ ಕಿಟಕಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಾ ಕೂತಿದ್ದವರು, ಹಿತ್ತಲಿನ ಹಳ್ಳದಲ್ಲಿ ಯಾರೋ ದೋಣಿ ಕಟ್ಟುತ್ತಿದ್ದಾರೆ ಎಂದರು. ಗಾಳಿಯ ಸುದ್ದಿ ಬಂದರೆ ಬೇರೆ ಊರಿನವರು ದೋಣಿ ತಂದು ಕಾಳಿ ನದಿಯ ಒಳಗೆ, ಸಣ್ಣ ಹಳ್ಳಗಳಲ್ಲಿ ಕಟ್ಟಿ ಹೋಗುವುದು ಇಲ್ಲಿ ವಾಡಿಕೆ. ಹಾಗಾಗಿ ನಾನು ತಿರುಗಿಯೂ ನೋಡಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಮನೆಯಲ್ಲಿ ನಾನು, ಅತ್ತೆ ಮತ್ತು ಮಗಳು ದೀಪಾಲಿ, 23 ವರ್ಷ, ಇದ್ದೆವು. ನನ್ನ ಗಂಡ ದೇವಾನಂದ ಕದ್ರಾ ಅಣೆಕಟ್ಟೆಯಲ್ಲಿ ಡ್ಯೂಟಿಯಲ್ಲಿದ್ದರು. 6-10ಕ್ಕೆ ಹಳ್ಳದ ನೀರು ಹಿತ್ತಲಿಗೆ ಏರಿತು. 6-25ಕ್ಕೆ ಬಾಗಿಲ ಮೆಟ್ಟಿಲು ಕಾಣದಾಯಿತು. 6-40ಕ್ಕೆ ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟು ಹೊರಗಿನ ಕೋಣೆಗೆ ಬಂದಾಗ ಹಿಂದೆ ಏನೋ ಸೀಳಿದ ಸದ್ದಾಯಿತು. ಹೋಗಿ ನೋಡಿದರೆ ಹಿಂದಿನ ಮಣ್ಣಿನ ಗೋಡೆ ಒಡೆದು ದೋಣಿಯೊಂದು ಅಡುಗೆಮನೆಯೊಳಗೆ ಮುಖ ಹಾಕಿ ನಿಂತಿತ್ತು. ನೀಲಿ ಬಣ್ಣ. ಮುಂಭಾಗದಲ್ಲಿ ‘ಮಾಬ್ಲೇಶ್ವರ, ಬೇಲೆಕೇರಿ’ ಎಂದು ಬರೆದಿತ್ತು. ಒಳಗೆ ಬಂದದ್ದು ನಾಲ್ಕೂವರೆ ಅಡಿ, ಹೊರಗೆ ಉಳಿದದ್ದು ಹದಿನೇಳು ಅಡಿ. ಚಹಾ ಚೆಲ್ಲಿರಲಿಲ್ಲ.

ನಾನು ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಅತ್ತೆ ಬಂದು ದೋಣಿಯ ಹೆಸರನ್ನು ದೀಪಾಲಿಯಿಂದ ಓದಿಸಿದರು. ಎರಡನೇ ಸಲವೂ ಓದಿಸಿದರು. ಆಮೇಲೆ ಒಳಗೆ ಹೋಗಿ ಕುಂಕುಮದ ಭರಣಿ ತಂದು ದೋಣಿಯ ಮೂತಿಗೆ ಹಚ್ಚಿದರು.

8-30ಕ್ಕೆ ಗಾಳಿ ತಗ್ಗಿದ ಮೇಲೆ ನಾನು ಹೊರಗೆ ಹೋಗಿ ಕಂಡದ್ದು ಹೀಗಿದೆ. ರಸ್ತೆಯಲ್ಲಿ ನಾಲ್ಕು ಕರೆಂಟ್ ಕಂಬ ಅಡ್ಡ ಬಿದ್ದಿದ್ದವು. ಪಕ್ಕದ ಮನೆಯ ಕುಸುಮಾ ಅವರ ಬಚ್ಚಲಿನ ತಗಡು ನಮ್ಮ ಬಾವಿಯೊಳಗೆ ಇತ್ತು, ಬಾವಿಯ ನೀರು ಉಪ್ಪಾಗಿತ್ತು. ಕುಸುಮಾ ಮೂರು ದಿನ ಕೂತು ಮಾಡಿದ ಸಂಡಿಗೆ ದೇವಸ್ಥಾನದ ಹೆಂಚಿನ ಮೇಲೆ ಅಂಟಿಕೊಂಡಿತ್ತು. ಗದ್ದೆಯ ಮೇಲೆ ಮರಳು ಒಂದು ಗೇಣು ಕೂತಿತ್ತು. ಮೂವತ್ತು ವರ್ಷದಿಂದ ನೋಡಿದ ದಾರಿಯಲ್ಲಿ ನಿಂತು ನಮ್ಮ ಮನೆ ಯಾವ ಕಡೆ ಎಂದು ನನಗೇ ಒಂದು ನಿಮಿಷ ತಿಳಿಯಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಲೈನಿಂಗ್ ಬಟ್ಟೆ ಹದಿನಾಲ್ಕರಲ್ಲಿ ಮೂರು ಸಿಕ್ಕವು. ಆ ಹೊತ್ತಿಗೇ ಶೆಟಗೇರಿಯಿಂದ ಫೋನ್ ಬಂದು ರವಿಕೆ ಆಯಿತೇ ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನು ಹೇಳಿಕೆಯಲ್ಲಿ ಬರೆಯುವಂತಿಲ್ಲ.

ಕುಸುಮಾ ಅವರ ಗಂಡ ಗೋಡೆ ಕಟ್ಟುವ ಗೌಂಡಿ. ಅವರು ಬಂದು ನೋಡಿ, ಅಡುಗೆಮನೆಯ ತೊಲೆ ಈಗ ಗೋಡೆಯ ಬದಲು ದೋಣಿಯ ಮೇಲೆ ಕೂತಿದೆ, ಹೊಸ ಗೋಡೆ ಏಳದೆ ದೋಣಿ ಎಳೆದರೆ ಮೇಲಿನ ಮಾಡು ಕೆಳಗೆ ಬರುತ್ತದೆ ಎಂದು ತಿಳಿಸಿದರು.

17ರಂದು ಬೆಳಿಗ್ಗೆಯಿಂದ ಅತ್ತೆ ಕವಳದ ಸಂಚಿ ಸಮೇತ ದೋಣಿಯ ಅಡುಗೆಮನೆಯೊಳಗಿನ ಭಾಗದಲ್ಲಿ ಹೋಗಿ ಕೂತರು. ಅಗತ್ಯ ಬಿದ್ದಾಗ ಮಾತ್ರ ಇಳಿಯುತ್ತಾರೆ. ನಾನು ಕರೆದಿದ್ದಕ್ಕೆ, “ಇಪ್ಪತ್ಮೂರು ವರ್ಷ ಆದ್ಮೇಲೆ ತವರಿಂದ ಬಂದದೆ. ಇದ್ರ ಮಾಲಕ ಬಂದು ನನ್ನ ಕೈಯಿಂದ ಒಂದು ತುತ್ತು ಉಂಡ್ಕಂಡು ತಕಂಡು ಹೋಗ್ಲಿ. ಉಣ್ಣದೆ ಹೋದ್ರೆ ನಂಗೆ ತವರು ಇಲ್ಲ ಹೇಳಿಯೇ ಲೆಕ್ಕ,” ಎಂದರು.

ಇಪ್ಪತ್ಮೂರು ವರ್ಷದ ವಿಷಯ ಹೀಗಿದೆ. ದೀಪಾಲಿಯ ನಾಮಕರಣದ ಮರುದಿನ ಮಾಬ್ಲೇಶ್ವರ ಅವರು ಬೇಲೆಕೇರಿಯಿಂದ ಎರಡು ದೊಡ್ಡ ಇಸ್ವಾಣ ಮೀನು ಹೊತ್ತು ತಂದಿದ್ದರು. ನನ್ನ ಗಂಡ ಆಗಷ್ಟೇ ಸಂಬಳದ ಕೆಲಸ ಹಿಡಿದಿದ್ದರು. ಅವರು ಮೀನಿನ ಕಿವಿರು ಎತ್ತಿ ನೋಡಿ, ಇದು ನಿನ್ನೆಯದೋ ಎಂದು ಕೇಳಿದರು. ಮೀನುಗಾರನಿಗೆ ಹತ್ತು ಜನರ ಎದುರು ಕೇಳುವ ಮಾತೇ ಅದು? ನನ್ನ ಗಂಡನ ಅಜ್ಜನೂ ಬಲೆ ಎಳೆದವರೇ. ಮಾಬ್ಲೇಶ್ವರ ಅವರು ಅಂಗಳದಲ್ಲಿ ನಿಂತು, ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಈ ಮನೆಯ ನೀರು ಕುಡಿಯುವುದಿಲ್ಲ ಎಂದು ಆಣೆ ಹಾಕಿ ಹೋದರು. ಮೀನನ್ನು ಬಿಟ್ಟು ಹೋಗಿದ್ದರು, ನಾವು ತಿಂದೆವು. ಅದು ಅಂದಿನದೇ ಆಗಿತ್ತು.

18ರಂದು 10-15ಕ್ಕೆ ದೋಣಿ ಹುಡುಕುತ್ತಾ ಮಾಬ್ಲೇಶ್ವರ ಅವರು ಬಂದರು. ಗೇಟಿನ ಹೊರಗೆ ರಸ್ತೆಯಲ್ಲೇ ನಿಂತರು. ಅಲ್ಲಿಂದ ನಮ್ಮ ಜಗುಲಿಗೆ 38 ಅಡಿ. ನಮ್ಮ ಜೊತೆ ನೇರ ಮಾತಾಡುವುದಿಲ್ಲವೆಂದು ಕುಸುಮಾ ಅವರ ಮೂಲಕ ಹೇಳಿಸಿದರು. ಕುಸುಮಾ ಹನ್ನೊಂದು ಸಲ ಆಚೆ ಈಚೆ ನಡೆದರು. ಎರಡೂ ಕಡೆಯ ಮಾತು ಎರಡೂ ಕಡೆಗೆ ಚೆನ್ನಾಗಿ ಕೇಳಿಸುತ್ತಿತ್ತು. ದೋಣಿ ಕೊಡಿ ಎಂದು ಅವರು, ಊಟಕ್ಕೆ ಬಾ ಎಂದು ಅತ್ತೆ. ಹನ್ನೆರಡನೇ ಸಲಕ್ಕೆ ಕುಸುಮಾ, “ನಂಗೆ ಅನ್ನಕ್ಕೆ ಇಡೂದದೆ ಮಾರಾಯ್ರೆ,” ಎಂದು ಹೊರಟುಹೋದರು. ಮಾಬ್ಲೇಶ್ವರ ಅವರು ಮರುದಿನ ಠಾಣೆಗೆ ಹೋದರು.

ಇಂದು ದಿನಾಂಕ 20.05.2021, 11-20ಕ್ಕೆ ಹೆಡ್ ಕಾನ್‌ಸ್ಟೇಬಲ್ ಅಶೋಕ ಅವರು ದೂರುದಾರರನ್ನು ಕರೆದುಕೊಂಡು ಸ್ಥಳಕ್ಕೆ ಬಂದರು. ಕೊರೊನಾ ಇರುವುದರಿಂದ ಎಲ್ಲರೂ ಆರು ಅಡಿ ದೂರ ನಿಲ್ಲಬೇಕು ಎಂದರು. ಮಾಬ್ಲೇಶ್ವರ ಅವರಿಗೆ ಇದನ್ನು ಹೇಳುವ ಅಗತ್ಯ ಬೀಳಲಿಲ್ಲ. ಅವರು ಮನೆಯನ್ನು ಸುತ್ತು ಹಾಕಿ ಹಿತ್ತಲಿಗೆ ಬಂದು, ದೋಣಿಯ ಹೊರಭಾಗವನ್ನು ಮುಟ್ಟಿ ನೋಡಿ, ಅದರ ಅಂಚಿನ ಮೇಲೆ ಕೂತರು. ಗಡ್ಡ ಬಿಟ್ಟಿದ್ದರು. ಮೈ ಬಹಳ ಬಡವಾಗಿದೆ ಎಂದು ನನಗೆ ಕಂಡಿತು.

ದೋಣಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ನಮ್ಮ ತೆಂಗಿನ ಮರ ಬೇರು ಸಮೇತ ಬಿದ್ದಿರುವುದನ್ನು ನಾನು ತೋರಿಸಿದೆ. ದೂರಿನಲ್ಲಿ ದೋಣಿಯನ್ನು ಸರ್ಕಾರಿ ದಂಡೆಯ ಮರಕ್ಕೆ ಕಟ್ಟಿದ್ದಾಗಿ ಬರೆದಿದೆ. ಮರ ನಮ್ಮದು. ನಾಲ್ಕು ವರ್ಷದಿಂದ ಓರೆಯಾಗಿತ್ತು, ಕಡಿಯಬೇಕೆಂದು ಇದ್ದೆವು. ಹಳ್ಳದ ದಂಡೆಯಲ್ಲಿ ಗಟ್ಟಿ ಮರ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಹುಟ್ಟಿದಾಗಿನಿಂದ ದೋಣಿ ಕಟ್ಟಿದವರು ಇದಕ್ಕೇ ಏಕೆ ಕಟ್ಟಿದಿರಿ ಎಂದು ಅಶೋಕ ಅವರು ಕೇಳಿದರು. ದೂರುದಾರರು ಹಳ್ಳದ ಕಡೆ ನೋಡುತ್ತಾ, “ಅದೇ ಕಂಡಿತು,” ಎಂದರು.

ಆಗ ಅತ್ತೆ ಅಡುಗೆಮನೆಯೊಳಗಿನಿಂದ, ಶನಿವಾರ ಕಟ್ಟಿದ್ದು ಯಾರೆಂದು ತನಗೆ ಅಂದೇ ಗೊತ್ತಾಗಿತ್ತು, ನಡಿಗೆ ತನ್ನ ತಮ್ಮನದೇ, ಅಂದರೆ ಇವನ ಅಪ್ಪನದೇ ಎಂದರು. ಆ ಮರ ಅತ್ತೆ ಕೂರುವ ಕಿಟಕಿಯ ನೇರಕ್ಕೆ ಇತ್ತು. ಅಳೆದಿದ್ದೇನೆ, 17 ಅಡಿ. ಹಗ್ಗ ಕಟ್ಟಲು ಅರ್ಧ ತಾಸು ತೆಗೆದುಕೊಂಡನೆಂದೂ ಅತ್ತೆ ಹೇಳಿದರು.

12-40ಕ್ಕೆ ಅತ್ತೆ ನನ್ನಿಂದ ತಟ್ಟೆಗೆ ಅನ್ನ ಮತ್ತು ಒಣ ಬಂಗಡೆ ಸಾರು ಹಾಕಿಸಿಕೊಂಡು, “ಮಾಬ್ಲು, ನೀ ಕೂತದ್ದು ಯಾರ ದೋಣಿ?” ಎಂದು ಕೇಳಿದರು. ಅವರು, “ನಂದು,” ಎಂದರು. “ನಾ ಕೂತದ್ದು?” ಅದಕ್ಕೂ, “ನಂದೇ,” ಎಂದರು. “ಹಂಗಾರೆ ಮನೆ ಮೆಟ್ಲು ಎಲ್ಲಿಂದ ಬಂತಾ? ನೀರೂ ನಮ್ಮ ಬಾವಿದಲ್ಲ, ಪಂಚಾಯ್ತಿ ಟ್ಯಾಂಕರಿಂದು,” ಎಂದು ಹೇಳಿ, ತಟ್ಟೆಯನ್ನು ದೋಣಿಯೊಳಗೇ ಮುಂದೆ ತಳ್ಳಿದರು. ಗೋಡೆಯ ತೂತಿನಲ್ಲಿ ತಟ್ಟೆ ಸ್ವಲ್ಪ ಸಿಕ್ಕಿತು, ದೀಪಾಲಿ ಬಗ್ಗಿ ಬಿಡಿಸಿದಳು. ಈ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ದೂರುದಾರರು ಹೆಡ್ ಕಾನ್‌ಸ್ಟೇಬಲರನ್ನು ಕೇಳಿದರು. ದೋಣಿ ಅವರದೇ ಎಂದು ದೂರಿನಲ್ಲಿ ಅವರೇ ಬರೆದುಕೊಟ್ಟಿರುವುದಾಗಿ ಅಶೋಕ ಅವರು ತಿಳಿಸಿದರು.

ಮಾಬ್ಲೇಶ್ವರ ಅವರು ಮಾಸ್ಕ್ ತೆಗೆದು ಒಂದು ತುತ್ತು ಬಾಯಿಗಿಟ್ಟರು. ಹಿಂದಿನ ರಾತ್ರಿ ಡ್ಯೂಟಿಯಿಂದ ಬಂದು, ಈಗ ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಗಂಡನ ಕಡೆ ತಿರುಗಿ, “ಮೀನು ನಿನ್ನೇದೋ?” ಎಂದು ಕೇಳಿದರು.

ಈ ವರ್ಷದ ಒಣಮೀನೆಲ್ಲ ನೀರಿಗೆ ಹೋಗಿದ್ದರಿಂದ ಅಟ್ಟದ ಮೇಲಿನ ಹಳೆಯ ಭರಣಿಯದನ್ನು ನಾನು ಹಾಕಿದ್ದೆ. ನನ್ನ ಗಂಡ ತಲೆ ತಗ್ಗಿಸಿ, “ಹೋದ ವರ್ಷದ್ದು ಮಾರಾಯ,” ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ದೂರುದಾರರು ಎರಡು ಸಲ ಅನ್ನ ಹಾಕಿಸಿಕೊಂಡರು, ನೀರು ಕುಡಿದರು. ಕೈತೊಳೆದ ಮೇಲೆ ದೂರು ವಾಪಸು ಪಡೆಯುವುದಾಗಿಯೂ, ಗೋಡೆ ಕಟ್ಟಿ ಮುಗಿಯುವವರೆಗೆ ದೋಣಿ ಇಲ್ಲೇ ಇರಲಿ, ದಿನಾ ಮಧ್ಯಾಹ್ನ ಬಂದು ನೋಡಿಕೊಂಡು ಹೋಗುತ್ತೇನೆಂದೂ ತಿಳಿಸಿದರು.

ಗೋಡೆಗೆ ಅವಸರವಿಲ್ಲ ಎಂದು ಅತ್ತೆ ಗೌಂಡಿಗೆ ಹೇಳಿ ಕಳಿಸಿದ್ದಾರೆ.

ಇದಿಷ್ಟೂ ನಾನು ಕಣ್ಣಾರೆ ಕಂಡು, ಅಳೆದು ಹೇಳಿದ ನಿಜ. ಓದಿಸಿ ಕೇಳಿದ್ದೇನೆ, ದೂರಿನಲ್ಲಿ ‘ಸದರಿ ಹೆಂಗಸು’ ಎಂದಿದ್ದ ಮೂರು ಕಡೆಯೂ ‘ಅತ್ತಿಗೆ’ ಎಂದು ತಿದ್ದಿಸಿ ಸಹಿ ಮಾಡಿದ್ದೇನೆ.

ಸ್ಥಳ: ಚಿತ್ತಾಕುಲ, ದೋಣಿಯ ಪಕ್ಕ
ದಿನಾಂಕ: 20.05.2021, ಮಧ್ಯಾಹ್ನ 2-05
ಸಹಿ: ಗೋದಾವರಿ ದೇವಾನಂದ
ಸಾಕ್ಷಿ: ಜಾನಕಿ (ಎಡಗೈ ಹೆಬ್ಬೆಟ್ಟು, ದೋಣಿಯಲ್ಲೇ ಕೂತು)