ಹೆಡ್‌ಮಾಸ್ಟರಿಗೊಂದು ಗ್ಲೋಬು

ಎಂಬತ್ತಮೂರರ ಬೇಸಿಗೆ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಜಗಳೂರು ಬಸ್ಸಿಗೆ ಕಾಯುತ್ತಿದ್ದ ಬಿಳಿಚೋಡಿನ ಓಬಣ್ಣನ ಕಿವಿ ಪಕ್ಕದ ಬೆಂಚಿನ ಕಡೆ ತಿರುಗಿತು. ಹೈಸ್ಕೂಲು ಮೇಡಂ ಪ್ರೇಮಮ್ಮನ ತೊಡೆಯ ಮೇಲೆ ಹೊಸ ಗ್ಲೋಬು, ಕಂಕುಳಲ್ಲಿ ಸುತ್ತಿದ ಗೋಡೆನಕ್ಷೆ. ಜೊತೆಗೆ ಅಕ್ಕ ಕಸ್ತೂರಮ್ಮ.

“ರಿಟೈರಾಗೋ ಹೆಡ್‌ಮಾಸ್ಟರಿಗೆ ಒಂದು ಶಾಲು ಸಾಕಾಗಿತ್ತಲ್ಲೇ?”

“ಅವತ್ತು ಅವರ ಮಗನಿಗೆ ಹೆಣ್ಣು ಅಂತ ನನ್ನ ನೋಡಾಕೆ ಬಂದಾಗ ಮ್ಯಾಪು ಬಿಚ್ಚಿ, ಗ್ರೀನ್‌ಲ್ಯಾಂಡ್ ದೊಡ್ಡದೋ ಆಫ್ರಿಕಾ ದೊಡ್ಡದೋ ಅಂತ ಕೇಳಿದ್ರಲ್ಲಕ್ಕಾ.”

“ನೀನು ಆಫ್ರಿಕಾ ಅಂದೆ. ಮ್ಯಾಪಲ್ಲಿ ಎರಡೂ ಸಮ ಕಾಣ್ತಿದ್ವು.”

“ಕಾಣ್ತವೆ. ದುಂಡನೆ ಭೂಮೀನ ಚಪ್ಪಟೆ ಕಾಗದಕ್ಕೆ ಇಳಿಸಾಕೆ ಧ್ರುವದ ಕಡೆ ಜಗ್ಗಿರ್ತಾರೆ. ಅದಕ್ಕೇ ಗ್ರೀನ್‌ಲ್ಯಾಂಡ್ ಊದಿಕೊಂಡೈತೆ. ನಿಜವಾಗಿ ಅದು ಆಫ್ರಿಕಾದ ಒಂದು ಮೂಲೇಲಿ ಹಿಡಿಸ್ತೈತೆ. ಅಷ್ಟು ಹೇಳಾಕೂ ಬಿಡಲಿಲ್ಲ. ‘ಕಣ್ಣಿಗೆ ಕಾಣೋದೂ ತಿಳಿಯದ ದಡ್ಡಿ ನಮಗೆ ಬ್ಯಾಡ’ ಅಂತ ನಕ್ಕು, ಉಪ್ಪಿಟ್ಟಿನ ತಟ್ಟೆ ಸರಿಸಿ ಎದ್ದುಹೋದ್ರು.”

“ಈಗೇನು ಮಾಡ್ತೀ?”

“ಸನ್ಮಾನದ ಹೊತ್ತಲ್ಲಿ ಎರಡೂ ಕೈಗೆ ಕೊಡ್ತೀನಿ. ‘ಸಾರ್, ಈ ಮ್ಯಾಪು ಹರೀದಂಗೆ, ಸುಕ್ಕಾಗದಂಗೆ ಈ ಗ್ಲೋಬಿಗೆ ಸುತ್ತಿ ತೋರಿಸ್ರಿ’ ಅಂತೀನಿ.”

“ಅಷ್ಟು ಜನದ ಮುಂದೆ ಬ್ಯಾಡ ಕಣೇ. ವಯಸ್ಸಾಗೈತೆ ಅವರಿಗೆ.”

“ನಮ್ಮಪ್ಪನಿಗೂ ಆಗಿತ್ತು. ಅವತ್ತಿಂದ ಸಾಯೋತನಕ ನೆಂಟರ ಮುಂದೆ ತಲೆ ಎತ್ತಲಿಲ್ಲ.”

ಬಸ್ಸು ಬಂತು, ಜನ ಬಾಗಿಲಿಗೆ ಮುಗಿಬಿದ್ದರು. ಓಬಣ್ಣ ಸರಿದು ಅಕ್ಕತಂಗಿಯರಿಗೆ ದಾರಿ ಬಿಟ್ಟ. ಮೆಟ್ಟಿಲ ಹತ್ತಿರ ಕಸ್ತೂರಮ್ಮ ತಂಗಿಯ ಕಂಕುಳಿಂದ ನಕ್ಷೆಯನ್ನು ಎಳೆದು ಎದೆಗವಚಿಕೊಂಡಳು.

“ಕೊಡಿಲ್ಲಿ. ಅವರ ಕೈ ಸೇರೋತನಕ ಇದರ ಮ್ಯಾಲೆ ಒಂದು ಸುಕ್ಕೂ ಬೀಳಬಾರದು.”