ಏಳು ದಿನ ಸುಮ್ಮನಿದ್ದರೆ

...ಅದಕ್ಕೇ ಹೇಳಿದ್ದು, ಇದರಲ್ಲಿ ಯಾರ ತಪ್ಪೂ ಇಲ್ಲ ಅಂತ. ಯಾಕೆ ನಗ್ತೀಯ? ನಿಜ ಕಣೋ. ಹತ್ತು ಜನ ಸೇರಿ ಮಾಡಿದ್ದಕ್ಕೆ ಯಾರನ್ನ ಅಂತ ಬೈತೀಯ? ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕು, ಅತ್ತೆ ಈಗಷ್ಟೇ ಮಲಗಿದಾರೆ. ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ಒಂದು ದಿನ ಆಗಿಲ್ಲ, ಆಗಲೇ ನಮ್ಮ ಜಗಳ ಅವರ ಕಿವಿಗೆ ಬೀಳೋದು ಬೇಡ.

ಜಗಳ ಅಲ್ಲ ಬಿಡು. ನೀನು ಬಾಯೇ ಬಿಟ್ಟಿಲ್ವಲ್ಲ!

ಆರು ಗಂಟೆಗೆ ಗಡುವು ಮುಗಿಯುತ್ತೆ. ಇನ್ನೊಂದು ಕಾಲು ಗಂಟೆ. ದೊಡ್ಡ ಮನಸ್ಸು ಮಾಡಿ ನೀನೂ ಸುಮ್ನೆ ಇದ್ದುಬಿಟ್ರೆ ಮುಗೀತು, ಹೂವೆತ್ತಿದ ಹಾಗೆ ಕೆಲಸ ಆಗಿಹೋಗುತ್ತೆ. ನಿಯಮ ನಿಂದೇ ತಾನೇ? ಏನೇ ಬದಲಾವಣೆ ಇರಲಿ, ಗುಂಪಿನ ಮುಂದೆ ಹಾಕು, ಏಳು ದಿನ ಕಾಯಿ, ಒಬ್ಬನೂ ಬೇಡ ಅನ್ನದಿದ್ರೆ ಪಾಸು. ಒಬ್ಬ ಬೇಡ ಅಂದ್ರೂ ಬಿತ್ತು. ನಾನು ಓಟು ಹಾಕಿಸೋಣ ಅಂದಿದ್ದೆ. ನೀನು, “ಓಟು ಅಂದ್ರೆ ಪಂಗಡ ಆಗುತ್ತೆ ಭಾವ, ಮೌನಂ ಸಮ್ಮತಿ ಲಕ್ಷಣಂ” ಅಂದೆ. ಎಲ್ಲಾರೂ ಆಹಾ ಅಂದ್ರು! ಸಂಬಳ ಇಲ್ಲ, ಸಾಹೇಬರಿಲ್ಲ... ಕಣ್ಣಿಲ್ಲದವರಿಗೆ ಪುಸ್ತಕ ಓದಿ ಹೇಳೋ ಸಾಫ್ಟ್‌ವೇರು, ಯಾರು ಬೇಕಾದ್ರೂ ಬಿಟ್ಟಿ ತಗೋಬಹುದು, ಬಿಚ್ಚಿ ನೋಡಿ ತಿದ್ದಬಹುದು. ತಿದ್ದಬಹುದು! ಆದ್ರೆ ತಿದ್ದಿದ್ದನ್ನ ಒಳಗೆ ಸೇರಿಸೋಕೆ ನಿನ್ನ ಅಪ್ಪಣೆ ಬೇಕು. ಕೀಲಿ ನಿನ್ನ ಸೊಂಟದಲ್ಲಿ.

ಅದನ್ನೇ ಈಗ ಯಾರೋ ಕೇಳಿದಾರೆ. ಕೊನೇ ಮಾತು ಒಬ್ಬನದಾಗೋದು ಬೇಡ, ಕೀಲಿ ಅವನಿಂದ ತಗೊಂಡು ಬೇರೆ ಮೂವರ ಕೈಗೆ ಕೊಡೋಣ ಅಂತ. ಹೂಂ... ಮೂವರಲ್ಲಿ ನಾನೂ ಒಬ್ಬ. ನಾನೇನು ಅಂಗಲಾಚಿ ಕೇಳಲಿಲ್ಲಪ್ಪ. ನಾನು ಅದನ್ನ ಓದಿದ್ದೇ ನಿನ್ನೆ.

ಯಾಕೆ? ನನಗೆ ಯೋಗ್ಯತೆ ಇಲ್ವಾ? ಹಗಲೆಲ್ಲಾ ಗೋದಾಮಲ್ಲಿ ಮೂಟೆ ಎಣಿಸಿ ಬಂದು ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಜನರ ದೂರಿಗೆಲ್ಲಾ ಉತ್ತರ ಬರೆದವನು ಯಾರು? “ಪುಟ ತಿರುಗ್ತಿಲ್ಲ”, “ದನಿ ಕೀರಲು”, “ನಿಮ್ಮ ಸಾಫ್ಟ್‌ವೇರ್ ಸುಟ್ಟು ಹಾಕಿ”... ಬೈಗುಳ ನನಗೆ, ಹಾರ ನಿನಗೆ! ಮನೆಗೆ ಯಾರೇ ಬರಲಿ, ನಿಮ್ಮಕ್ಕ, “ಇದು ನಮ್ಮ ತಮ್ಮ ಮಾಡಿದ್ದು” ಅಂತಾಳೆ. ಆಮೇಲೆ ನನ್ನ ಕಡೆ ನೋಡಿ, “ಇವರೂ ಬಿಡುವಾದಾಗ ಸಹಾಯ ಮಾಡ್ತಾರೆ.” ಬಿಡುವಾದಾಗ! ಸಹಾಯ!

ಹೋದ ತಿಂಗಳದ್ದು ನೆನಪಿದೆಯಾ? ಓದು ನಿಲ್ಲಿಸಿದ ಜಾಗದಿಂದಲೇ ಮತ್ತೆ ಶುರು ಆಗಲಿ ಅಂತ ನಾನು ಬರೆದು ಕಳಿಸಿದ್ದು. ಎಷ್ಟು ಭಾನುವಾರ ಅದಕ್ಕೆ ಸುರಿದೆ! ನಮ್ಮ ಗುಂಪಲ್ಲಿ ಕಣ್ಣಿಲ್ಲದ ಆ ಮೇಷ್ಟ್ರು ಇದಾರಲ್ಲ, ಅವರೇ ಕೇಳಿದ್ದು ಕಣೋ ಅದನ್ನ. ನೀನು ಎಲ್ಲರ ಮುಂದೆ ಬರೆದಿದ್ದು ಒಂದೇ ಪದ. “ಬೇಡ.” ಕಾರಣ ಇಲ್ಲ, ಸಮಾಧಾನ ಇಲ್ಲ. ಬೀದಿಯವನಿಗಾದ್ರೂ ಎರಡು ಮಾತು ಜಾಸ್ತಿ ಬರೀತಿದ್ದೆ. ಮನೆ ಅಳಿಯ ನಾನು!

ಅದಕ್ಕೇ... ಅದಕ್ಕೇ ಜನಕ್ಕೆ ಬೇಜಾರಾಗಿದೆ ಅಂದೆ. ಆದ್ರೂ ಈಗ ಹಾಕಿರೋದರಲ್ಲಿ ನಿನ್ನ ಮರ್ಯಾದೆ ಕಳೆಯೋ ಮಾತು ಒಂದೂ ಇಲ್ಲ. “ಅವರ ದುಡಿಮೆಗೆ ನಾವೆಲ್ಲ ಋಣಿ” ಅಂತಲೇ ಶುರು. ಆ ಒಂದು ಸಾಲು ಬರೆಯೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ ನಿನಗೆ...

ಏನು? ಹಾಗ್ಯಾಕೆ ನೋಡ್ತೀಯ?

ಸರಿ. ಸರಿ! ನಾನೇ ಬರೆದೆ. ಗುಂಪಲ್ಲಿರೋ ಆ ಗಡ್ಡದವನ ಹೆಸರಲ್ಲಿ ಹಾಕಿಸಿದೆ. ಏನೀಗ? ನನ್ನ ಹೆಸರಲ್ಲಿ ಹಾಕಿದ್ರೆ ಭಾವ-ಭಾಮೈದನ ಜಗಳ ಅಂತ ಆಡ್ಕೊಂಡು ನಗೋರು.

ಇದೇ ವಾರ ಯಾಕೆ ಅಂತ ತಾನೇ? ಕೇಳೋ, ಬಾಯಿಬಿಟ್ಟು ಕೇಳು. ಅತ್ತೆ ಹುಷಾರು ತಪ್ಪೋದು ನನ್ನ ಕೈಲಿತ್ತಾ? ಆಸ್ಪತ್ರೇಲಿ ನಿನ್ನ ಫೋನ್ ಇಸ್ಕೊಂಡಿದ್ದು ನಿನ್ನ ಒಳ್ಳೇದಕ್ಕೇ! ಮನೆಗೆ ಬಂದು ನೀನು ಕೇಳಿದ ಕೂಡಲೇ ವಾಪಸ್ ಕೊಟ್ಟೆ ತಾನೇ? ನೆಂಟರ ಫೋನಿಗೆಲ್ಲಾ ಉತ್ತರ ಹೇಳಿ ಹೇಳಿ ನಿನ್ನ ಗಂಟಲು ಬಿದ್ದಿತ್ತು. “ಇದು ನನ್ನ ಹತ್ರ ಇರಲಿ, ನೀನು ಅಮ್ಮನ್ನ ನೋಡ್ಕೋ” ಅಂದೆ. ನೀನು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟೆ. ನನಗೂ ಅಳು ಬಂತು ಕಣೋ... ನಂಬಲ್ಲ ನೀನು. ಬಿಡು. ದಿನಾ ಸಂಜೆ ಫ್ಲಾಸ್ಕ್ ಹಿಡ್ಕೊಂಡು ಬಂದು ಆ ಕಬ್ಬಿಣದ ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿರ್ತಿದ್ದೆ. “ಗುಂಪಲ್ಲಿ ಏನು ಸಮಾಚಾರ ಭಾವ?” ಅಂತ ಒಂದು ದಿನ ನೀನೇ ಕೇಳಿದೆ. “ಏನಿಲ್ಲ, ಎಲ್ಲಾ ತಣ್ಣಗಿದೆ” ಅಂದೆ. ತಣ್ಣಗೇ ಇತ್ತು! ಯಾರೂ ತುಟಿ ಬಿಚ್ಚಿರಲಿಲ್ಲ.

ಏನದು ತೋರಿಸ್ತಿರೋದು? ಕೊಡಿಲ್ಲಿ... ಓ. ಮೇಷ್ಟ್ರು.

“ಇದನ್ನು ಅವರು ನೋಡಿದ್ದಾರೆಯೇ? ಅವರು ಏನನ್ನುತ್ತಾರೆ?”

ಅದರ ಕೆಳಗೆ... ಹೌದು. ನಂದೇ.

“ನೋಡಿದ್ದಾರೆ. ಬೇಡ ಅನ್ನಲಿಲ್ಲ.”

ಪೂರ್ತಿ ಸುಳ್ಳಲ್ಲ ಅದು. ನಿನ್ನ ಫೋನಲ್ಲಿ ಅದು ತೆರೆದಿತ್ತು... ನಾನು ತೆರೆದಿದ್ದೆ. ಮೇಷ್ಟ್ರು ಆಮೇಲೆ ಏನೂ ಅನ್ನಲಿಲ್ಲ. ನಿನ್ನ ಮಾತು ಅಂತ ನಂಬಿ ಸುಮ್ಮನಾದರು. ಎಲ್ಲರೂ ಹಾಗೇ ಸುಮ್ಮನಾಗಿದ್ದು.

ಇನ್ನೂ ಟೈಮಿದೆ ಕಣೋ. ಹತ್ತು ನಿಮಿಷ ಇದೆ. ತಗೋ ಫೋನು, ಒಂದೇ ಪದ, ಅವತ್ತು ನನಗೆ ಬರೆದೆಯಲ್ಲ, ಅದೇ. ಬರಿ! ಯಾಕೆ ಫೋನ್ ನನ್ನ ಕಡೆಗೇ ತಳ್ತೀಯ? ನಾನು ಬರೀಬೇಕಾ? ನಾನೇ ವಾಪಸ್ ತಗೋಬೇಕಾ? ಹಾಗೆ ಬರೆದ್ರೆ ಯಾಕೆ ಅಂತ ಕೇಳ್ತಾರಲ್ಲೋ ಅವರು... ಮೇಷ್ಟ್ರಿಗೆ ಏನು ಹೇಳಲಿ ನಾನು?

ಬೇಡ ಅನ್ನೋ. ಕಾಲಿಗೆ ಬೀಳ್ತೀನಿ, ಬೈ, ಎದ್ದು ಒಂದು ಬಾರಿಸು. ಹೀಗೆ ಕಲ್ಲಿನ ಹಾಗೆ ಕೂರಬೇಡ.

ಶ್... ಲೋಟದ ಸದ್ದು. ನಿಮ್ಮಕ್ಕ ಕಾಫಿ ತರ್ತಿದಾಳೆ. ಏನಾದ್ರೂ ಮಾತಾಡೋ, ಅತ್ತೆ ಔಷಧಿ ವಿಷಯನಾದ್ರೂ ಎತ್ತು. ನೀನು ಹೀಗೇ ಸುಮ್ಮನೆ ಕೂತಿದ್ರೆ ಅವಳಿಗೆ ಎಲ್ಲಾ ಗೊತ್ತಾಗಿಬಿಡುತ್ತೆ.